ವಯಸ್ಸಾದ ಅಪ್ಪನಿಗೆ ತೋಟಕ್ಕೆ ಹೋಗಿಬರಲು ಯಾವ ಗಾಡಿ?

"ಅಪ್ಪನಿಗೆ ಎಪ್ಪತ್ತು ದಾಟಿದೆ. ಮೊಪೆಡ್ ಬಿಡಿ ಅಂದರೆ ಕೇಳುವುದಿಲ್ಲ. ತೋಟ ಬಿಡಿ ಅನ್ನಲು ನಮಗೇ ಬಾಯಿ ಬರುವುದಿಲ್ಲ. ಯಾವ ಗಾಡಿ ಕೊಡಿಸೋಣ?"

ಚನ್ನಗಿರಿ, ಹೊಳಲ್ಕೆರೆ, ಹಿರಿಯೂರು ಕಡೆಯಿಂದ ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರು ಹೆಚ್ಚಾಗಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು. ಕೆಲವರು ಅಮೆರಿಕದ ಹೊಲಗಳ ವಿಡಿಯೊ ನೋಡಿ ಸೈಡ್-ಬೈ-ಸೈಡ್ ಗಾಡಿಯ ಬಗ್ಗೆ ಕೇಳುತ್ತಾರೆ. ಜೀಪಿನ ಹಾಗೆ ಇಬ್ಬರು ಪಕ್ಕಪಕ್ಕ ಕೂರುವ, ಹಿಂದೆ ಸಣ್ಣ ತೊಟ್ಟಿ ಇರುವ ಗಾಡಿ ಅದು. ಇನ್ನು ಕೆಲವರಿಗೆ ಬ್ಯಾಟರಿ ಲಗೇಜ್ ಆಟೊ, ಮಿನಿ ಟ್ರ್ಯಾಕ್ಟರ್, ಸಣ್ಣ ಕಾರು ಇವುಗಳ ನಡುವೆ ಗೊಂದಲ.

ನಮ್ಮ ಮನೆಯಲ್ಲೂ ಇದೇ ಆಯಿತು. ಎರಡು ವರ್ಷದ ಹಿಂದೆ, ಶ್ರಾವಣದ ಮಳೆಯಲ್ಲಿ, ಅಪ್ಪಾಜಿ ಎರಡು ಚೀಲ ಬೇವಿನ ಹಿಂಡಿ ಹೇರಿಕೊಂಡು ಚಾನಲ್ ಏರಿ ಮೇಲೆ ಹೋಗುತ್ತಿದ್ದರು. ಎದುರಿಗೆ ಟ್ರ್ಯಾಕ್ಟರ್ ಬಂತು. ಪಕ್ಕಕ್ಕೆ ಸರಿದು ನಿಲ್ಲಿಸಿ ಎಡಗಾಲು ಊರಿದರು. ಊರಿದ ಕಡೆ ನೆಲವೇ ಕುಸಿಯಿತು. ಬಿದ್ದದ್ದು ನಿಂತ ಗಾಡಿಯಿಂದ, ಓಡುತ್ತಿದ್ದ ಗಾಡಿಯಿಂದ ಅಲ್ಲ. ಮಣಿಕಟ್ಟು ಮುರಿದು ಆರು ವಾರ ಪಟ್ಟಿ ಹಾಕಿಸಿಕೊಂಡು ಮನೆಯಲ್ಲಿದ್ದರು. ಆ ಆರು ವಾರ ಜಗಲಿ ಮೇಲೆ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ "ನಮ್ ತೋಟಕ್ಕೆ ನೀರು ಬಂದಿತ್ತೇನಪ್ಪ?" ಎಂದು ಕೇಳುತ್ತಿದ್ದರು. ಅದನ್ನು ನೋಡಿದ ಮೇಲೆ, ಗಾಡಿಯೇ ಬೇಡ ಅನ್ನುವುದು ಉತ್ತರವಲ್ಲ ಎಂದು ನನಗೆ ಖಾತ್ರಿಯಾಯಿತು.

ಆಗ ನಾನು ಮಾಡಿದ ಮೊದಲ ತಪ್ಪು ಇದು: ಹೊರೆಯಿಂದ ಲೆಕ್ಕ ಶುರು ಮಾಡಿದೆ. ಎಷ್ಟು ಚೀಲ ಗೊಬ್ಬರ, ಎಷ್ಟು ಹೊರೆ ಹುಲ್ಲು, ಎಷ್ಟು ಗೊನೆ ಅಡಿಕೆ ಎಂದು ಪಟ್ಟಿ ಮಾಡಿದೆ. ವರ್ಷದ ಆ ದೊಡ್ಡ ಹೊರೆಗಳನ್ನು ಬಾಡಿಗೆ ಗಾಡಿ ತಂದುಹಾಕುತ್ತದೆ. ದಿನಾ ಹೋಗಿ ಬರಬೇಕಾದದ್ದು ಅಪ್ಪಾಜಿ. ಅವರ ಮೊಣಕಾಲು, ಕಣ್ಣು, ಕುತ್ತಿಗೆ, ಮತ್ತೆ ಮನೆಯಿಂದ ತೋಟದವರೆಗಿನ ಆ ದಾರಿ, ಇವನ್ನು ಮೊದಲು ನೋಡಬೇಕಿತ್ತು.

ಮೊದಲು ನೋಡಬೇಕಾದದ್ದು

ಹತ್ತುವುದು, ಇಳಿಯುವುದು. ಮನೆಯ ಕುರ್ಚಿ ಸುಮಾರು ಒಂದೂವರೆ ಅಡಿ ಎತ್ತರ ಇರುತ್ತದೆ. ಸೀಟು ಅದರ ಆಸುಪಾಸು, ಇಲ್ಲ ಸ್ವಲ್ಪ ಮೇಲೆ ಇದ್ದರೆ ಒಳ್ಳೆಯದು. ಮೊದಲು ಕೂತು, ಆಮೇಲೆ ಕಾಲು ಒಳಗೆ ಎಳೆದುಕೊಳ್ಳುವಂತಿರಬೇಕು. ಕಾಲೆತ್ತಿ ದಾಟಿಸಿ ಕೂರುವ ಗಾಡಿ, ಎರಡು ಮೆಟ್ಟಿಲು ಹತ್ತುವ ಗಾಡಿ, ಎರಡೂ ಮಂಡಿನೋವಿನವರಿಗೆ ಕಷ್ಟ.

ನಿಂತಾಗ ಕಾಲು ಊರಬೇಕಾ? ಊರಬೇಕಾದ ಗಾಡಿಯಲ್ಲಿ ವಯಸ್ಸಾದವರು ಬೀಳುವುದು ಹೆಚ್ಚಾಗಿ ನಿಲ್ಲಿಸುವಾಗ, ತಿರುಗಿಸುವಾಗ, ಸ್ಟ್ಯಾಂಡ್ ಹಾಕುವಾಗ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನ ಹಾಗೆ ಓಡಾಡುವುದು ಕಷ್ಟ.

ಎಡಗಾಲಿಗೆ ಕ್ಲಚ್ ಇದೆಯಾ? ಕೆಸರಿನಲ್ಲಿ ಅರ್ಧ ಕ್ಲಚ್ ಹಿಡಿದು ಗಾಡಿ ಎಬ್ಬಿಸುವುದು ಮಂಡಿಗೆ ದೊಡ್ಡ ಕೆಲಸ. ಹಿಂದಕ್ಕೆ ತೆಗೆಯುವಾಗ ಕುತ್ತಿಗೆ ತಿರುಗುತ್ತದಾ, ಅದನ್ನೂ ನೋಡಿ.

ದಾರಿಯನ್ನು ಬೇಸಿಗೆಯಲ್ಲಿ ನೋಡಬೇಡಿ. ಜಗಳೂರು ಕಡೆಯ ಎರೆ ಹೊಲದ ದಾರಿ ಮಾರ್ಚ್‌ನಲ್ಲಿ ಸಿಮೆಂಟಿನ ಹಾಗೆ ಇರುತ್ತದೆ, ಮಳೆ ಬಿದ್ದ ಮರುದಿನ ಚಕ್ರಕ್ಕೆ ಮುದ್ದೆಯ ಹಾಗೆ ಮೆತ್ತಿಕೊಳ್ಳುತ್ತದೆ. ಹಿರಿಯೂರಿನ ಕೆಂಪು ಮಣ್ಣು, ಗರಸು ನೆಲ ಅಷ್ಟು ಕಾಡುವುದಿಲ್ಲ. ಭದ್ರಾ ಚಾನಲ್ ಕೆಳಗಿನ ಗದ್ದೆ ಬಯಲಲ್ಲಿ ಏರಿಯ ಅಂಚು ಯಾವಾಗ ಕುಸಿಯುತ್ತದೆ ಹೇಳಲಾಗದು.

ಕೊನೆಯದು, ಆ ದಾರಿ ಯಾರದು? ನಿಮ್ಮ ಸ್ವಂತ ಜಮೀನಿನೊಳಗೆ ಓಡಾಡುವುದು ಬೇರೆ, ಊರ ರಸ್ತೆ, ಹೆದ್ದಾರಿಯ ಸರ್ವೀಸ್ ರಸ್ತೆ ಬೇರೆ. ಸಾರ್ವಜನಿಕ ರಸ್ತೆಗೆ ಇಳಿದ ಕೂಡಲೇ ಹೆಚ್ಚುಕಡಿಮೆ ಎಲ್ಲ ಗಾಡಿಗೂ ನೋಂದಣಿ, ಇನ್ಶೂರೆನ್ಸ್, ಲೈಸೆನ್ಸ್ ಮೂರೂ ಬೇಕು. ಕೆಎ-16, ಕೆಎ-17 ನಂಬರ್ ಸಿಗದ ಗಾಡಿಯನ್ನು ರಸ್ತೆಗೆ ತರುವ ಹಾಗಿಲ್ಲ. ಸೈಡ್-ಬೈ-ಸೈಡ್ ಕೇಳುವವರು ಇದನ್ನೇ ಮರೆಯುತ್ತಾರೆ.

ಸೈಡ್-ಬೈ-ಸೈಡ್: ದೇಹಕ್ಕೆ ಒಪ್ಪುತ್ತದೆ, ರಸ್ತೆಗೆ ಒಪ್ಪುವುದಿಲ್ಲ

ಈ ಗಾಡಿ ನಿಜಕ್ಕೂ ಇಂಥ ಕೆಲಸಕ್ಕೇ ಹುಟ್ಟಿದ್ದು. ಕವಾಸಕಿ ಕಂಪನಿಯ ಮ್ಯೂಲ್ 1988ರಲ್ಲಿ ಬಂತು. ಮ್ಯೂಲ್ ಅಂದರೆ ಹೇಸರಗತ್ತೆ, ಹೊರೆ ಹೊರುವ ಪ್ರಾಣಿ. ಆಮೇಲೆ ಜಾನ್ ಡಿಯರ್ ಗೇಟರ್, ಪೊಲಾರಿಸ್ ರೇಂಜರ್ ಬಂದವು. ಕಾರಿನ ಹಾಗೆ ಸ್ಟೀರಿಂಗ್, ಬೆಂಚಿನಂಥ ಸೀಟು, ಸೀಟ್ ಬೆಲ್ಟ್, ತಲೆಯ ಮೇಲೆ ಕಬ್ಬಿಣದ ಪಂಜರ. ಹೆಚ್ಚಿನವಕ್ಕೆ ಕ್ಲಚ್ ಇಲ್ಲ. ಮುಂದೆ, ಹಿಂದೆ ಎಂದು ಒಂದು ಲಿವರ್, ಬಲಗಾಲಿಗೆ ಎಕ್ಸಲೇಟರ್ ಮತ್ತು ಬ್ರೇಕ್. ನಾಲ್ಕೂ ಚಕ್ರಕ್ಕೆ ಎಳೆತ ಕೊಡಬಹುದು. ರೇಂಜರ್ 570ರ ತೊಟ್ಟಿ ಸುಮಾರು 225 ಕೆಜಿ ಹೊರುತ್ತದೆ. 45 ಕೆಜಿಯ ಯೂರಿಯಾ ಚೀಲ ಐದು ಅಂದುಕೊಳ್ಳಿ. ತೊಟ್ಟಿ ಎತ್ತಿ ಸುರಿಯಬಹುದು, ಚೀಲ ಇಳಿಸಲು ಬಗ್ಗಬೇಕಿಲ್ಲ.

ದೇಹದ ಕಡೆಯಿಂದ ನೋಡಿದರೆ ಇದನ್ನು ಮೀರಿಸುವ ಗಾಡಿ ನನಗೆ ಗೊತ್ತಿಲ್ಲ. ಆದರೆ ನಮ್ಮಲ್ಲಿ ಇದು ಹೊರದೇಶದಿಂದ ಬರಬೇಕು. ಬೆಲೆ ಹತ್ತು ಲಕ್ಷ ದಾಟುತ್ತದೆ. ಎಂಜಿನ್ನಿನಿಂದ ಚಕ್ರಕ್ಕೆ ಎಳೆತ ಕೊಡುವ ಬೆಲ್ಟ್ ಹರಿದರೆ, ಸೆನ್ಸರ್ ಕೆಟ್ಟರೆ ನಮ್ಮೂರ ಮೆಕ್ಯಾನಿಕ್ ಹತ್ತಿರ ಬಿಡಿಭಾಗ ಸಿಗುವುದಿಲ್ಲ. ಮುಖ್ಯವಾಗಿ ರಸ್ತೆಗೆ ನೋಂದಣಿ ಆಗದ ಮಾದರಿಗಳೇ ಜಾಸ್ತಿ. ಪೊಲಾರಿಸ್‌ನವರು ಸ್ಪೋರ್ಟ್ಸ್‌ಮನ್ 570 ಎಂಬ ಗಾಡಿಯನ್ನು 2019ರಲ್ಲಿ ಟ್ರ್ಯಾಕ್ಟರ್ ಲೆಕ್ಕದಲ್ಲಿ ರಸ್ತೆಗೆ ತಂದರು. ಆದರೆ ಅದು ಸೈಡ್-ಬೈ-ಸೈಡ್ ಅಲ್ಲ. ಬೈಕಿನ ಹಾಗೆ ಕಾಲು ದಾಟಿಸಿ ಕೂರುವಂಥದ್ದು. ಮಂಡಿನೋವಿನವರಿಗೆ ನಾನು ಹೇಳಲಾರೆ.

ಹಾಗಾದರೆ ಇದು ಯಾರಿಗೆ? ತೋಟದ ಮನೆಯಲ್ಲೇ ಇರುವವರಿಗೆ. ಹಿರಿಯೂರು ಕಡೆ ಇಪ್ಪತ್ತು-ಮೂವತ್ತು ಎಕರೆ ದಾಳಿಂಬೆ, ತೆಂಗು ಒಂದೇ ಬೇಲಿಯೊಳಗೆ ಇದ್ದು, ಬೆಳಿಗ್ಗೆಯಿಂದ ಸಂಜೆವರೆಗೆ ಬೋರಿನಿಂದ ಡ್ರಿಪ್ ಗೇಟಿಗೆ, ಗೇಟಿನಿಂದ ಕ್ರೇಟು ತುಂಬುವ ಜಾಗಕ್ಕೆ ಓಡಾಡುವವರಿದ್ದರೆ, ಹಣವೂ ಇದ್ದರೆ, ಯೋಚಿಸಬಹುದು. ಆಗಲೂ ಎರಡು ಮಾತು. ಸೀಟ್ ಬೆಲ್ಟ್ ಹಾಕದೆ ಒಂದು ಮಾರು ದೂರವೂ ಹೋಗಬಾರದು. ಗಾಡಿ ಒಂದು ಕಡೆ ವಾಲಿದಾಗ ಕೈಯೋ ಕಾಲೋ ಹೊರಗೆ ಚಾಚಿ ತಡೆಯಲು ಮನಸ್ಸು ಬರುತ್ತದೆ, ಮೊಪೆಡ್ ಓಡಿಸಿದವರಿಗಂತೂ ಅದು ಅಭ್ಯಾಸವೇ ಆಗಿರುತ್ತದೆ. ಪಂಜರದ ಕಂಬಿ ಆ ಕಾಲಿನ ಮೇಲೇ ಬೀಳುತ್ತದೆ. ಕೈಕಾಲು ಒಳಗೇ ಇರಬೇಕು ಎಂದು ಹತ್ತು ಸಲ ಹೇಳಿಕೊಡಿ.

ಇದೇ ಜಾತಿಯ ಅಗ್ಗದ ಗಾಡಿ ಅಂದರೆ ಬ್ಯಾಟರಿ ಬಗ್ಗಿ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಜನರನ್ನು ಕರೆದುಕೊಂಡು ಹೋಗುತ್ತದಲ್ಲ, ಅಂಥದ್ದು. ಹತ್ತಲು ಸುಲಭ, ಸದ್ದಿಲ್ಲ. ತಳ ಕೆಳಗಿರುತ್ತದೆ, ಚಕ್ರ ಚಿಕ್ಕದು. ಸಮತಟ್ಟಾದ ಕೆಂಪು ನೆಲದ ತೋಟದೊಳಗೆ ಸಾಕು, ಕೆಸರಿಗೆ ಆಗದು.

ಬ್ಯಾಟರಿ ಲಗೇಜ್ ಆಟೊ

ನಮ್ಮ ಕಡೆ ಹೆಚ್ಚಿನವರಿಗೆ ಕೈಗೆಟುಕುವುದು ಇದು. ಮೂರೂವರೆ-ನಾಲ್ಕು ಲಕ್ಷದ ಆಸುಪಾಸು. ಮಹೀಂದ್ರಾ ಟ್ರಿಯೊ ಜೋರ್‌ನಂಥವು ಸುಮಾರು 550 ಕೆಜಿ ಹೊರುತ್ತವೆ. ಕ್ಲಚ್ ಇಲ್ಲ, ಗೇರಿಲ್ಲ, ಹ್ಯಾಂಡಲ್ ತಿರುಗಿಸಿದರೆ ಹೋಗುತ್ತದೆ, ಆದ್ದರಿಂದ ಮೊಪೆಡ್ ಓಡಿಸಿದ ಕೈಗೆ ಬೇಗ ಒಗ್ಗುತ್ತದೆ. ಪಕ್ಕದಿಂದ ಬಂದು ಸುಮ್ನೆ ಕೂತರಾಯಿತು. ಮನೆಯ 15 ಆಂಪ್ ಪ್ಲಗ್ಗಿನಲ್ಲಿ ರಾತ್ರಿ ಚಾರ್ಜ್ ಹಾಕಬಹುದು. ತೋಟದ ಮೋಟಾರಿನ ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲ, ಅದರ ಮೇಲೆ ನೆಚ್ಚಿಕೊಳ್ಳಬೇಡಿ.

ತೊಂದರೆ ಇರುವುದು ಮುಂದಿನ ಒಂಟಿ ಚಕ್ರದಲ್ಲಿ. ನಮ್ಮ ಹೊಲದ ದಾರಿ ಅಂದರೆ ಎರಡು ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ. ಎತ್ತಿನಗಾಡಿ, ಟ್ರ್ಯಾಕ್ಟರ್ ಮಾಡಿಟ್ಟ ದಾರಿ ಅದು. ಆಟೊದ ಮುಂದಿನ ಚಕ್ರ ಆ ದಿಬ್ಬದ ಮೇಲೆಯೇ ಹೋಗಬೇಕು, ಅಲ್ಲಿನ ಕಲ್ಲಿಗೆ ತಗುಲಿ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುತ್ತದೆ. ತಿರುವಿನಲ್ಲಿ ವೇಗ ಹೆಚ್ಚಾದರೆ ಮಗುಚುತ್ತದೆ. ಹಿಂದೆ ಜಾಸ್ತಿ ಹೇರಿ ಏರು ಹತ್ತಿದರೆ ಮುಂದಿನ ಚಕ್ರ ಹಗುರಾಗುತ್ತದೆ, ತಿರುಗಿಸಿದ ಕಡೆ ಹೋಗುವುದಿಲ್ಲ. ಎರೆ ಕೆಸರಿನಲ್ಲಿ ಆ ಸಣ್ಣ ಟೈರು ಹೂತುಕೊಂಡರೆ ನಾಲ್ಕು ಜನ ತಳ್ಳಬೇಕು. ಹಾಗಾಗಿ ತೋಟದ ಬಾಗಿಲವರೆಗೆ ಟಾರೋ ಕಾಂಕ್ರೀಟೋ ಆಗಿದ್ದರೆ ಇದನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಅರ್ಧ ಕಿಲೋಮೀಟರಾದರೂ ಜಾಡಿನ ದಾರಿ ಇದ್ದರೆ ಬೇಡ.

ಇದು ಗೂಡ್ಸ್ ಗಾಡಿ, ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಎಂಬ ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸುತ್ತಿರಬೇಕು ಎನ್ನುವುದೂ ನೆನಪಿರಲಿ. ಹೊಸ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ಮಿನಿ ಟ್ರ್ಯಾಕ್ಟರ್

ಅಂಗಡಿಯವರು ಮೊದಲು ತೋರಿಸುವುದು ಇದನ್ನೇ, ಮಕ್ಕಳು ಮೊದಲು ಒಪ್ಪುವುದೂ ಇದನ್ನೇ. 18ರಿಂದ 25 ಎಚ್‌ಪಿಯ ವಿಎಸ್‌ಟಿ, ಮಹೀಂದ್ರಾ ಜೀವೊ, ಕುಬೋಟಾ ಇವೆಲ್ಲ ಅಡಿಕೆ ಸಾಲಿನ ನಡುವೆ ಹೋಗುತ್ತವೆ. ಉಳುಮೆ, ಔಷಧಿ ಸಿಂಪಡಣೆ, ಟ್ರೇಲರ್ ಎಲ್ಲ ಒಂದರಲ್ಲೇ. ಕೃಷಿ ಇಲಾಖೆಯ ಸಹಾಯಧನವೂ ಇದೆ, ಈ ವರ್ಷದ ಮೊತ್ತ ಎಷ್ಟು ಎಂದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಆದರೆ ಓಡಿಸುವವರು ಎಪ್ಪತ್ತೆರಡು ವರ್ಷದವರು, ಅಲ್ವಾ? ಹತ್ತಲು ಕಾಲೆತ್ತಬೇಕು, ಕ್ಲಚ್ ಗಟ್ಟಿ, ಟ್ರೇಲರ್ ಹಿಂದಕ್ಕೆ ತೆಗೆಯಲು ಕುತ್ತಿಗೆ ಪೂರ್ತಿ ತಿರುಗಬೇಕು. ಬದು ದಾಟುವಾಗ, ಏರಿ ಹತ್ತುವಾಗ ಮಗುಚಿದರೆ ಗಾಡಿ ಮೈಮೇಲೇ ಬರುತ್ತದೆ. ಸೀಟಿನ ಹಿಂದೆ ಎತ್ತರದ ಕಬ್ಬಿಣದ ಕಮಾನು ಇರುವುದನ್ನೇ ಕೊಳ್ಳಿ. ಕಮಾನನ್ನು ಮಡಚದೆ ನೆಟ್ಟಗೆ ನಿಲ್ಲಿಸಿದ್ದಾಗ ಸೀಟ್ ಬೆಲ್ಟ್ ಹಾಕಬೇಕು. ಕಮಾನು ಇಲ್ಲದ ಹಳೇ ಟ್ರ್ಯಾಕ್ಟರಿನಲ್ಲಿ ಬೆಲ್ಟ್ ಹಾಕಬಾರದು, ಮಗುಚಿದಾಗ ಅದು ಅಡಿಗೆ ಕಟ್ಟಿಹಾಕುತ್ತದೆ.

ಇನ್ನೊಂದು ಮಾತು, ಇದನ್ನು ಹೇಳದೆ ಇರಲಾರೆ. ನಮ್ಮ ಹಿರಿಯರು ಪಂಚೆ ಉಡುತ್ತಾರೆ, ಹೆಗಲ ಮೇಲೆ ಟವೆಲ್ ಇರುತ್ತದೆ. ಟ್ರ್ಯಾಕ್ಟರಿನ ಹಿಂದೆ ಉಪಕರಣಗಳನ್ನು ಓಡಿಸಲು ಗಿರಗಿರ ತಿರುಗುವ ಪಿಟಿಒ ಶಾಫ್ಟ್ ಬಟ್ಟೆಯ ಒಂದು ಅಂಚು ಹಿಡಿದರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ಯಾರೂ ಬಿಚ್ಚಲು ಬಿಡಬೇಡಿ.

ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ ಕೈಯಾದರೆ, ಮಂಡಿ ಒಪ್ಪುವವರೆಗೆ ಓಡಿಸಲಿ. ಅರವತ್ತೈದರ ಮೇಲೆ ಹೊಸದಾಗಿ ಕಲಿಯುವವರಿಗೆ ಇದು ಬೇಡ. ದಿನಾ ತೋಟಕ್ಕೆ ಹೋಗಿಬರಲು ಮಾತ್ರವಾದರೆ ಖಂಡಿತ ಬೇಡ. ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್ ಸಿಗುತ್ತದೆ.

ಟಾಟಾ ಏಸ್, ಸೂಪರ್ ಕ್ಯಾರಿಯಂಥ ಸಣ್ಣ ಲಾರಿ

ನಾಲ್ಕು ಚಕ್ರ, ಮುಕ್ಕಾಲು ಟನ್ ಹೊರೆ, ಒಂದೂವರೆ ಮೀಟರ್ ಅಗಲ. ರಿಪೇರಿ ಎಲ್ಲಿ ಬೇಕಾದರೂ ಆಗುತ್ತದೆ. ಮಳೆ, ಬಿಸಿಲು ತಾಗುವುದಿಲ್ಲ. ಎಲ್‌ಎಂವಿ (ಕಾರಿನಂಥ ಲಘು ವಾಹನದ) ಲೈಸೆನ್ಸ್ ಇದ್ದರೆ 7500 ಕೆಜಿ ಒಳಗಿನ ಗೂಡ್ಸ್ ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೆ ಖಚಿತ ಮಾಡಿದೆ. ಆದರೆ ಸಾಮಾನ್ಯವಾಗಿ ಕ್ಲಚ್, ಗೇರು ಇರುತ್ತವೆ. ಖಾಲಿ ಇದ್ದಾಗ ಹಿಂದಿನ ಚಕ್ರಕ್ಕೆ ಭಾರ ಇಲ್ಲದೆ ಕೆಸರಿನಲ್ಲಿ ಸುತ್ತುತ್ತದೆ. ಮನೆಯಲ್ಲಿ ಮಗನೋ ಮೊಮ್ಮಗನೋ ಓಡಿಸುವಂತಿದ್ದು, ಅಡಿಕೆಯನ್ನು ಭೀಮಸಮುದ್ರಕ್ಕೋ, ಮೆಕ್ಕೆಜೋಳವನ್ನು ದಾವಣಗೆರೆ ಎಪಿಎಂಸಿಗೋ ತಾವೇ ಒಯ್ಯುವವರಾದರೆ ಲೆಕ್ಕ ಸರಿಹೋಗುತ್ತದೆ. ಅಪ್ಪನೊಬ್ಬರಿಗಾಗಿ ಆದರೆ ಜಾಸ್ತಿಯಾಯಿತು.

ಕ್ಲಚ್ ಇಲ್ಲದ ಸಣ್ಣ ಕಾರು

ತೋಟಕ್ಕೆ ಕಾರಾ ಎಂದು ಮೊದಲು ನನಗೂ ಅನ್ನಿಸಿತ್ತು. ವ್ಯಾಗನ್‌ಆರ್‌ನಂಥ ಎತ್ತರದ ಕಾರಿನ ಸೀಟಿನಲ್ಲಿ ಅಪ್ಪಾಜಿ ಕೂತು ಎದ್ದದ್ದನ್ನು ನೋಡಿದ ಮೇಲೆ ಮನಸ್ಸು ಬದಲಾಯಿತು. ಬಗ್ಗುವ ಹಾಗಿಲ್ಲ, ಹತ್ತುವ ಹಾಗಿಲ್ಲ. ಎಎಂಟಿ, ಅಂದರೆ ತಾನೇ ಗೇರು ಬದಲಿಸಿಕೊಳ್ಳುವ ಕಾರಿನಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ. ಈ ಎಎಂಟಿ ನಮ್ಮಲ್ಲಿ ಮೊದಲು ಬಂದದ್ದು 2014ರಲ್ಲಿ, ಮಾರುತಿ ಸೆಲೆರಿಯೊ ಜೊತೆ. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲೂ ಸಾಕಷ್ಟು ಸಿಗುತ್ತವೆ, ಮೂರು ಲಕ್ಷದ ಆಸುಪಾಸಿನಿಂದ ಹುಡುಕಬಹುದು. ಹಿಂದಿನ ಸೀಟು ಮಡಚಿ, ತಾಡಪಾಲು ಹಾಸಿದರೆ ಎರಡು ಚೀಲ ಗೊಬ್ಬರ, ಒಂದು ಸ್ಪ್ರೇಯರ್ ಹಿಡಿಸುತ್ತದೆ. ಸಂಜೆ ಆಸ್ಪತ್ರೆಗೆ, ಭಾನುವಾರ ಮದುವೆಗೆ ಅದೇ ಗಾಡಿ. ಅಮ್ಮನೂ ಜೊತೆಗೆ ಕೂರುತ್ತಾರೆ, ಇದನ್ನು ಸಣ್ಣ ಲಾಭ ಅಂದುಕೊಳ್ಳಬೇಡಿ.

ಕೆಸರಿನಲ್ಲಿ ಇದೂ ಸಿಕ್ಕಿಹಾಕಿಕೊಳ್ಳುತ್ತದೆ. ತಳ ನೆಲದಿಂದ ಆರೂವರೆ ಇಂಚು ಮೇಲಿರುತ್ತದೆ ಅಷ್ಟೇ, ಜಾಡಿನ ನಡುವಿನ ದಿಬ್ಬ ಉಜ್ಜುತ್ತದೆ. ಹಸಿ ಸಗಣಿ ಗೊಬ್ಬರ, ಹುಲ್ಲು ಹೊರೆ ಆಗದು.

ಇರುವ ಮೊಪೆಡ್ಡನ್ನೇ ಇಟ್ಟುಕೊಳ್ಳಬಹುದಾ?

ಕೆಲವರು ಇಟ್ಟುಕೊಳ್ಳಬಹುದು. ಟಿವಿಎಸ್ ಎಕ್ಸೆಲ್ 100 ಮೊಪೆಡ್ಡಿನ ತೂಕ 90 ಕೆಜಿ ಒಳಗೆ, ಗೇರಿಲ್ಲ, ಬಟನ್ ಸ್ಟಾರ್ಟ್ ಸಿಗುತ್ತದೆ, ಬದುವಿನ ಮೇಲೂ ಹೋಗುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ಬೇರೆ ಗಾಡಿ ಇಲ್ಲ. ಇದುವರೆಗೆ ಬಿದ್ದಿಲ್ಲ, ಕಣ್ಣು ಚೆನ್ನಾಗಿದೆ, ಒಂಟಿ ಕಾಲ ಮೇಲೆ ಹತ್ತು ಎಣಿಸುವವರೆಗೆ ನಿಲ್ಲಬಲ್ಲರು ಅಂದರೆ ಓಡಿಸಲಿ. ಹೊರೆ ಮಾತ್ರ ಬೇಡ, ಕತ್ತಲಾದ ಮೇಲೆ ಬೇಡ, ಹೆಲ್ಮೆಟ್ ಬೇಕು. ಒಂದು ಸಲ ಬಿದ್ದಿದ್ದರೆ, ತಲೆ ಸುತ್ತುವುದಿದ್ದರೆ, ಎರಡು ಚಕ್ರದ ಕಾಲ ಮುಗಿಯಿತು.

25 ಕಿಲೋಮೀಟರ್ ವೇಗದೊಳಗಿನ, 250 ವ್ಯಾಟ್‌ನೊಳಗಿನ ಬ್ಯಾಟರಿ ಸ್ಕೂಟರಿಗೆ ಲೈಸೆನ್ಸ್, ನೋಂದಣಿ ಬೇಡ. ಅದಕ್ಕೆಂದೇ ಕೆಲವರು ಕೊಡಿಸುತ್ತಾರೆ. ಆದರೆ ಕಾಲು ಊರುವ ತೊಂದರೆ ಅಲ್ಲಿಯೂ ಹಾಗೇ ಇದೆ. ಸ್ಕೂಟರಿಗೆ ಪಕ್ಕದ ಚಕ್ರ ಕೂರಿಸುವುದಾದರೆ ಆರ್‌ಟಿಒ ಅನುಮತಿ ಪಡೆದೇ ಕೂರಿಸಿ.

ಕಾಗದ, ಕಣ್ಣು, ದುಡ್ಡು

55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ಸಿಗುತ್ತದೆ. 40ರ ಮೇಲಿನವರು ವೈದ್ಯರಿಂದ ಫಾರಂ 1ಎ ಎಂಬ ಆರೋಗ್ಯ ಪ್ರಮಾಣಪತ್ರ ಮಾಡಿಸಬೇಕು. ಅವಧಿ ಮುಗಿದು ಒಂದು ವರ್ಷ ಕಳೆದರೆ ಮತ್ತೆ ಟೆಸ್ಟ್ ಕೊಡಬೇಕು. ಅಪ್ಪನ ಪರ್ಸಿನಲ್ಲಿರುವ ಕಾರ್ಡನ್ನು ಇವತ್ತೇ ತೆಗೆದು ನೋಡಿ. ಬಹಳ ಜನರ ಹತ್ತಿರ ದ್ವಿಚಕ್ರದ ಲೈಸೆನ್ಸ್ ಮಾತ್ರ ಇರುತ್ತದೆ. ಗಾಡಿಯ ಮಾಲೀಕರಿಗೆ ಇರುವ 15 ಲಕ್ಷದ ಅಪಘಾತ ವಿಮೆ ಸಿಗಬೇಕಾದರೆ ಓಡಿಸುವ ಗಾಡಿಗೆ ತಕ್ಕ ಲೈಸೆನ್ಸ್ ಚಾಲ್ತಿಯಲ್ಲಿರಲೇಬೇಕು.

ಗಾಡಿಗಿಂತ ಮುಂಚೆ ಕಣ್ಣು ತೋರಿಸಿ. ಪೊರೆ ಇದ್ದರೆ ಮೊದಲು ಆಪರೇಷನ್ ಆಗಲಿ. ಎದುರಿನ ಲೈಟಿಗೆ ಕಣ್ಣು ಕತ್ತಲಿಡುವುದು ಎಷ್ಟೋ ಸಲ ಪೊರೆಯಿಂದಲೇ.

ಹಳೇ ಕೊಟೇಶನ್ ಇದ್ದರೆ ಬಿಸಾಕಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದಿದೆ. ಟ್ರ್ಯಾಕ್ಟರಿಗೆ ಶೇ 12 ಇದ್ದದ್ದು 5 ಆಯಿತು. ಸಣ್ಣ ಕಾರು, ಗೂಡ್ಸ್ ಗಾಡಿ, ಮೊಪೆಡ್ಡಿಗೆ 28 ಇದ್ದದ್ದು 18. ಬ್ಯಾಟರಿ ಗಾಡಿಗೆ ಅದಕ್ಕೆ ಮೊದಲೂ 5 ಇತ್ತು, ಹಾಗೇ ಉಳಿದಿದೆ.

ನಾವು ಮಾಡಿದ್ದು

ನಮ್ಮ ತೋಟಕ್ಕೆ ಮೂರು ಕಿಲೋಮೀಟರ್. ಅದರಲ್ಲಿ ಕೊನೆಯ ಇನ್ನೂರು ಮೀಟರ್ ಮಾತ್ರ ಕೆಸರು. ಆ ಇನ್ನೂರು ಮೀಟರಿಗಾಗಿ ನಾನು ಹತ್ತು ಲಕ್ಷದ ಗಾಡಿ ಹುಡುಕುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಎಎಂಟಿ ಕಾರು ತಂದೆವು, ಟಾರು ಮುಗಿಯುವ ಕಡೆ ನಿಲ್ಲಿಸಲು ಎರಡು ಲೋಡ್ ಗ್ರಾವೆಲ್ ಹೊಡೆಸಿದೆವು. ಅಲ್ಲಿಂದ ಅಪ್ಪಾಜಿ ಕೋಲು ಹಿಡಿದು ನಡೆದು ಹೋಗುತ್ತಾರೆ. ಡಾಕ್ಟರೂ ನಡೆಯಿರಿ ಅಂತಲೇ ಹೇಳಿದ್ದಾರೆ. ಗೊಬ್ಬರ, ಹಿಂಡಿ ಬಾಡಿಗೆ ಆಟೊದಲ್ಲಿ ಬರುತ್ತದೆ. "ಒಂದ್ ಚೀಲ ತರಕ್ಕೂ ಬಾಡಿಗೆ ಕೊಡ್ಬೇಕಾ?" ಎಂದು ಮೊದಮೊದಲು ಬೇಜಾರು ಮಾಡಿಕೊಂಡರು. ಈಗ ಆ ಆಟೊ ಹುಡುಗನೇ ಚೀಲ ಇಳಿಸಿ ಶೆಡ್ಡಿನೊಳಗೆ ಇಟ್ಟು ಹೋಗುತ್ತಾನೆ.

ನಿಮ್ಮ ದಾರಿಯಲ್ಲಿ ಆ ಕೆಸರು ಇನ್ನೂರು ಮೀಟರ್ ಬದಲು ಎರಡು ಕಿಲೋಮೀಟರ್ ಇದ್ದರೆ ನಮ್ಮ ಉತ್ತರ ನಿಮಗೆ ಆಗುವುದಿಲ್ಲ. ಮಳೆಗಾಲದ ಆ ಎರಡು ತಿಂಗಳು ಯಾರಾದರೂ ಟ್ರ್ಯಾಕ್ಟರಿನವರ ಜೊತೆ ಮಾತಾಡಿಕೊಂಡು, ಉಳಿದ ಹತ್ತು ತಿಂಗಳಿಗೆ ತಕ್ಕ ಗಾಡಿ ಕೊಳ್ಳುವುದು ಮೇಲು.

ಕೊಳ್ಳುವ ಮೊದಲು ಅಪ್ಪನನ್ನೇ ಶೋರೂಮಿಗೆ ಕರೆದುಕೊಂಡು ಹೋಗಿ. ತೋಟಕ್ಕೆ ಉಡುವ ಪಂಚೆ, ತೊಡುವ ಚಪ್ಪಲಿಯಲ್ಲೇ ಬರಲಿ. ಐದು ಸಲ ಹತ್ತಿ ಇಳಿಯಲಿ, ಐದನೇ ಸಲ ಏನು ಹಿಡಿದುಕೊಂಡು ಎದ್ದರು ನೋಡಿ. ಒಂದು ಸಲ ಹಿಂದಕ್ಕೆ ತೆಗೆಯಲಿ. ಆಮೇಲೆ ಟೆಸ್ಟ್ ಡ್ರೈವ್ ಗಾಡಿಯನ್ನು ನಿಮ್ಮ ತೋಟದ ದಾರಿಗೇ ತರಲು ಕೇಳಿ, ಆದರೆ ಜುಲೈನಲ್ಲಿ. ಪಕ್ಕದಲ್ಲಿ ನೀವು ಕೂತು ಏನೂ ಹೇಳಬೇಡಿ. ಗೇಟಿನವರೆಗೆ ಹೋಗಿ, ತಿರುಗಿಸಿಕೊಂಡು, ಮನೆ ಮುಂದೆ ತಂದು ನಿಲ್ಲಿಸಿದರೆ ಅಡ್ವಾನ್ಸ್ ಕೊಡಿ.